ಕೊಟೇಶನ್ ಓದುವ ಬಗೆ: ಖರೀದಿ ಮತ್ತು ಗುತ್ತಿಗೆಯಲ್ಲಿ ವೆಚ್ಚದ ಪದಗಳು

ಮೇಜಿನ ಮೇಲೆ ಎರಡು ಕೊಟೇಶನ್ ಇವೆ. ಒಂದರಲ್ಲಿ ನಗಕ್ಕೆ 92, ಇನ್ನೊಂದರಲ್ಲಿ 104. ಮೇಲ್ನೋಟಕ್ಕೆ 92 ಅಗ್ಗ. ಆದರೆ ಅದೇ ಹಾಳೆಯ ಕೆಳಗೆ ಸಣ್ಣ ಅಕ್ಷರದಲ್ಲಿ ‘ಎಕ್ಸ್ ವರ್ಕ್ಸ್, ಪ್ಯಾಕಿಂಗ್ ಪ್ರತ್ಯೇಕ, ಡೈ ವೆಚ್ಚ ಖರೀದಿದಾರರದು, ಪೂರ್ತಿ ಹಣ ಆರ್ಡರ್ ಜೊತೆ’ ಎಂದು ಬರೆದಿದ್ದರೆ 92 ಎಂಬುದು ಇನ್ನೂ ಬೆಲೆಯಾಗಿಲ್ಲ, ಬೆಲೆಯ ಒಂದು ತುಂಡು ಅಷ್ಟೇ. ಎಕ್ಸ್ ವರ್ಕ್ಸ್ ಅಂದರೆ ಮಾರುವವರ ಕಾರ್ಖಾನೆಯಲ್ಲೇ ಮಾಲು ಒಪ್ಪಿಸುವ ಬೆಲೆ, ಸಾಗಾಣಿಕೆ ನಿಮ್ಮದು. ಡೈ ಅಂದರೆ ವಸ್ತುವನ್ನು ತಯಾರಿಸುವ ಅಚ್ಚು.

ಖರೀದಿ ವಿಭಾಗದಲ್ಲಿ ಓಡಾಡುವ ವೆಚ್ಚದ ಪದಗಳು ಹತ್ತಾರು. ಅವನ್ನು ಉರು ಹೊಡೆಯುವ ಅಗತ್ಯವಿಲ್ಲ. ಯಾವ ಪದ ಎದುರಾದರೂ ಮೂರು ಪ್ರಶ್ನೆ ಕೇಳಿ. ಇದರೊಳಗೆ ಯಾವ ಯಾವ ಖರ್ಚು ಸೇರಿದೆ? ಎಲ್ಲಿಯವರೆಗಿನದು? ಅಂದಾಜು ತಪ್ಪಿ ಖರ್ಚು ಏರಿದರೆ ಆ ಹೆಚ್ಚಳ ಯಾರ ತಲೆಗೆ? ಮೊದಲೆರಡನ್ನು ಹೆಚ್ಚಿನವರು ಕೇಳುತ್ತಾರೆ. ಮೂರನೆಯದನ್ನು ಬಿಟ್ಟವರೇ ಕೈ ಸುಟ್ಟುಕೊಳ್ಳುವುದು. ಕೆಳಗಿನ ಲೆಕ್ಕಗಳಿಗೆ ನಾಣ್ಯದ ಹೆಸರು ಹಾಕಿಲ್ಲ. ನೀವು ಯಾವ ನಾಣ್ಯದಲ್ಲಿ ವ್ಯವಹರಿಸುತ್ತೀರೋ ಅದನ್ನೇ ಇಟ್ಟುಕೊಂಡು ಓದಬಹುದು.

ಬೆಲೆ, ವೆಚ್ಚ, ದರ

ಮಾರುವವನು ಕೇಳುವುದು ಬೆಲೆ. ಅದನ್ನು ತಯಾರಿಸಲು ಅವನಿಗೆ ತಗಲಿದ್ದು ಅವನ ವೆಚ್ಚ. ಅವನ ಬೆಲೆಯೇ ನಿಮ್ಮ ವೆಚ್ಚದ ಮೊದಲ ಸಾಲು. ಒಂದು ಅಳತೆಗೆ ಹೇಳಿದ ಬೆಲೆ ದರ: ಮೀಟರಿಗೆ, ಕಿಲೋಗೆ, ಗಂಟೆಗೆ, ಘನ ಮೀಟರಿಗೆ. ದರ ನೋಡಿದಾಗಲೆಲ್ಲ ಅಳತೆ ಯಾವುದು, ಅಳೆಯುವವರು ಯಾರು, ಎಲ್ಲಿ ಅಳೆಯುತ್ತಾರೆ ಎಂದು ಕೇಳಿಕೊಳ್ಳಬೇಕು. ಮಣ್ಣು ಅಗೆಯುವ ಕೆಲಸದಲ್ಲಿ ಗುಂಡಿಯನ್ನು ಅಳೆದರೆ ಒಂದು ಲೆಕ್ಕ, ಅಗೆದು ಲಾರಿಗೆ ತುಂಬಿದ ಮಣ್ಣನ್ನು ಅಳೆದರೆ ಇನ್ನೊಂದು. ಅಗೆದ ಮಣ್ಣು ಸಡಿಲಗೊಂಡು ಉಬ್ಬುವುದರಿಂದ ದರ ಒಂದೇ ಇದ್ದರೂ ಬಿಲ್ ದೊಡ್ಡದಾಗುತ್ತದೆ.

ಅಂದಾಜು, ಬಜೆಟರಿ ಕೊಟೇಶನ್, ಫರ್ಮ್ ಕೊಟೇಶನ್ ಈ ಮೂರನ್ನೂ ಬೆರೆಸಬೇಡಿ. ಅಂದಾಜಿಗೆ ಯಾರೂ ಬದ್ಧರಲ್ಲ. ಬಜೆಟರಿ ಕೊಟೇಶನ್ ಇರುವುದು ನೀವು ಒಳಗೆ ಮಂಜೂರಾತಿ ಪಡೆಯಲಿ ಎಂದು. ಅದರ ಮೇಲೆ ಆರ್ಡರ್ ಹಾಕಿದರೆ ‘ಈಗ ದರ ಬದಲಾಗಿದೆ’ ಎಂಬ ಉತ್ತರ ಬರಬಹುದು. ಫರ್ಮ್ ಕೊಟೇಶನ್ನಿಗೆ ಮಾತ್ರ ಮಾರುವವನು ಬದ್ಧ, ಅದೂ ವ್ಯಾಲಿಡಿಟಿ ದಿನಾಂಕದವರೆಗೆ. ನಿಮ್ಮಲ್ಲಿ ಮಂಜೂರಾತಿಗೆ 45 ದಿನ ಹಿಡಿಯುವುದಾದರೆ 30 ದಿನದ ವ್ಯಾಲಿಡಿಟಿ ಸಾಲದು. ಅವಧಿ ಎಷ್ಟು ಬೇಕೆಂದು ವಿಚಾರಣಾ ಪತ್ರದಲ್ಲೇ ಬರೆಯಿರಿ.

ಎರಡು ಕೊಟೇಶನ್ನುಗಳನ್ನು ಒಂದೇ ನೆಲೆಗೆ ತರುವುದು

ಮೇಲಿನ 92 ಮತ್ತು 104ರ ಲೆಕ್ಕವನ್ನೇ ಬಿಡಿಸೋಣ. ವಸ್ತು ಪಂಪಿನ ಅಲ್ಯುಮಿನಿಯಂ ಮುಚ್ಚಳ, ಬೇಕಾದದ್ದು 5,000 ನಗ. ಮೊದಲನೆಯವರನ್ನು ‘ಅ’ ಎನ್ನೋಣ, ಎರಡನೆಯವರನ್ನು ‘ಬ’. ‘ಬ’ ತಮ್ಮ 104ರಲ್ಲಿ ಡೈ, ಪ್ಯಾಕಿಂಗ್, ನಿಮ್ಮ ಬಾಗಿಲಿಗೆ ತಲುಪಿಸುವ ಸಾಗಾಣಿಕೆ ಎಲ್ಲವನ್ನೂ ಸೇರಿಸಿದ್ದಾರೆ, ಮೇಲೆ 30 ದಿನ ಸಾಲವನ್ನೂ ಕೊಡುತ್ತಾರೆ.

‘ಅ’ ಕೊಟ್ಟ 92ಕ್ಕೆ ಒಂದೊಂದಾಗಿ ಕೂಡಿಸುತ್ತಾ ಹೋಗಿ. ಡೈಗೆ 40,000. ಅದನ್ನು 5,000 ನಗಕ್ಕೆ ಹಂಚಿದರೆ ನಗಕ್ಕೆ 8. ಪ್ಯಾಕಿಂಗ್ 1.50. ಲೋಡಿಂಗ್, ಲಾರಿ ಬಾಡಿಗೆ, ಇಳಿಸುವ ಕೂಲಿ ಸೇರಿ 3.50. ಇವರ ಮಾಲಿನಲ್ಲಿ ರಿಜೆಕ್ಷನ್ ಶೇ. 4. ದೋಷ ಕಾಣುವುದು ನಿಮ್ಮಲ್ಲಿ ಮಶೀನಿಂಗ್ ಆದ ಮೇಲೆ. ಹಾಳಾದ ನಗಕ್ಕೆ ಅವರು ಬದಲಿ ಕೊಟ್ಟರೂ, ಅದರ ಮೇಲೆ ನೀವು ಮಾಡಿದ ಕೆಲಸ ಮತ್ತು ಮರುತಪಾಸಣೆಯ ಖರ್ಚು ನಗಕ್ಕೆ 30 ನಿಮಗೆ ನಷ್ಟ. 30ರ ಶೇ. 4 ಅಂದರೆ 1.20. ಹಣ ಮುಂಗಡ ಕೊಟ್ಟು ಮಾಲು ಬರುವುದು ಎರಡು ತಿಂಗಳ ನಂತರ. ಹಣದ ವೆಚ್ಚ ವರ್ಷಕ್ಕೆ ಶೇ. 12 ಎಂದು ಹಿಡಿದರೆ 92ರ ಮೇಲೆ ಎರಡು ತಿಂಗಳಿಗೆ 1.84. ಒಟ್ಟು 108.04.

‘ಬ’ ಕೊಟ್ಟ 104ಕ್ಕೆ ಶೇ. 1 ರಿಜೆಕ್ಷನ್ ನಷ್ಟ 0.30 ಕೂಡಿಸಿ, ಒಂದು ತಿಂಗಳ ಸಾಲದಿಂದ ಉಳಿಯುವ 1.04 ಕಳೆಯಿರಿ. ಉಳಿಯುವುದು 103.26. ಹೀಗೆ ಮಾಲು ನಿಮ್ಮ ಬಾಗಿಲಿಗೆ ಬಂದು, ಬಳಕೆಗೆ ಸಿದ್ಧವಾಗುವವರೆಗಿನ ಎಲ್ಲ ಖರ್ಚನ್ನೂ ಕೂಡಿಸಿದ ಅಂಕಿಗೆ ಲ್ಯಾಂಡೆಡ್ ಕಾಸ್ಟ್ ಎನ್ನುತ್ತಾರೆ. ಹೊರದೇಶದ ಮಾಲಾದರೆ ಕಸ್ಟಮ್ಸ್ ಸುಂಕ, ಬಂದರಿನ ಶುಲ್ಕ, ಏಜೆಂಟರ ಶುಲ್ಕ, ವಿಮೆ, ವಿನಿಮಯ ದರದ ವ್ಯತ್ಯಾಸವೂ ಸೇರಬೇಕು. ತೆರಿಗೆಯ ವಿಷಯದಲ್ಲಿ ಒಂದು ಎಚ್ಚರಿಕೆ: ಕಟ್ಟಿದ ತೆರಿಗೆ ನಿಮಗೆ ಕ್ರೆಡಿಟ್ ಆಗಿ ಮರಳಿ ಸಿಗುವುದಾದರೆ ಅದು ವೆಚ್ಚವಲ್ಲ, ಮರಳಿ ಬರುವವರೆಗೆ ಕೈ ಬಿಟ್ಟ ಹಣ ಮಾತ್ರ. ಮರಳಿ ಸಿಗದಿದ್ದರೆ ಪೂರ್ತಿ ವೆಚ್ಚ. ಎರಡು ಕೊಟೇಶನ್ ಹೋಲಿಸುವಾಗ ಒಂದನ್ನು ತೆರಿಗೆ ಸಹಿತ, ಇನ್ನೊಂದನ್ನು ತೆರಿಗೆ ರಹಿತ ಇಡುವ ತಪ್ಪು ಮೇಲಿಂದ ಮೇಲೆ ಆಗುತ್ತದೆ.

ಸರಿ, ‘ಬ’ಗೆ ಆರ್ಡರ್ ಕೊಡೋಣವೇ? ತಡೆಯಿರಿ. ಎರಡನೇ ಬಾರಿ 5,000 ತರಿಸುವಾಗ ‘ಅ’ ಹತ್ತಿರ ಡೈ ಆಗಲೇ ಇರುತ್ತದೆ. ಆಗ ಅವರ ನಗದ ವೆಚ್ಚ 100.04ಕ್ಕೆ ಇಳಿಯುತ್ತದೆ. ‘ಬ’ ಮಾತ್ರ 103.26ರಲ್ಲೇ ನಿಂತಿರುತ್ತಾರೆ, ಏಕೆಂದರೆ ಡೈ ಹಣ ವಸೂಲಾದ ಮೇಲೂ ಅದು ದರದೊಳಗೆ ಕೂತೇ ಇದೆ. ನಗಕ್ಕೆ 3.22ರ ಅಂತರದಲ್ಲಿ ಡೈನ 40,000 ಸರಿದೂಗಲು ಸುಮಾರು 12,400 ನಗ ಬೇಕು. ಅದಕ್ಕಿಂತ ಕಡಿಮೆ ಬಳಕೆ ಇದ್ದರೆ ‘ಬ’, ಹೆಚ್ಚಿದ್ದರೆ ‘ಅ’. ಡೈ ಅಷ್ಟು ನಗ ತಾಳುತ್ತದೆಯೇ ಎಂಬುದನ್ನೂ ಕೇಳಿಕೊಳ್ಳಿ.

ಟೂಲಿಂಗ್ ಅಮಾರ್ಟೈಸೇಶನ್, ಅಂದರೆ ಡೈ ವೆಚ್ಚವನ್ನು ನಗಗಳ ಮೇಲೆ ಹಂಚುವುದು, ಎಂಬ ಪದ ಬಂದಾಗ ಮಾಡಬೇಕಾದ್ದು ಇದೇ. ಎಷ್ಟು ನಗದ ಮೇಲೆ ಡೈ ವೆಚ್ಚ ಹಂಚಲಾಗಿದೆ, ಆ ಸಂಖ್ಯೆ ಮುಗಿದ ಮೇಲೆ ದರ ಎಷ್ಟಕ್ಕೆ ಇಳಿಯುತ್ತದೆ, ಡೈ ಯಾರ ಸ್ವತ್ತು, ಪೂರೈಕೆದಾರರನ್ನು ಬದಲಿಸಿದರೆ ಅದನ್ನು ಒಯ್ಯಬಹುದೇ ಎಂಬ ನಾಲ್ಕನ್ನೂ ಆರ್ಡರಿನಲ್ಲೇ ಬರೆಸಿ. ಬರೆಯದಿದ್ದರೆ ಹಣ ಕೊಟ್ಟವರು ನೀವಾದರೂ ಡೈ ಮಾತ್ರ ಅವರ ಶೆಡ್ಡಿನಲ್ಲೇ ಉಳಿಯುತ್ತದೆ.

ಅವರ ಬೆಲೆಯೊಳಗೆ ಏನೇನಿದೆ

ಚೌಕಾಸಿಗೆ ಕೂರುವ ಮುನ್ನ ಎದುರಿನವರ ಬೆಲೆ ಹೇಗೆ ಕಟ್ಟಿದೆ ಎಂದು ನೀವೇ ಒಂದು ಲೆಕ್ಕ ಹಾಕಿ. ಇದಕ್ಕೆ ಶುಡ್ ಕಾಸ್ಟ್ ಎನ್ನುತ್ತಾರೆ, ಅಂದರೆ ಈ ವಸ್ತುವಿಗೆ ನ್ಯಾಯವಾಗಿ ಎಷ್ಟು ಆಗಬೇಕು ಎಂಬ ಅಂದಾಜು. ಕಚ್ಚಾ ಸಾಮಗ್ರಿಯ ತೂಕಕ್ಕೆ ವೇಸ್ಟೇಜ್ ಕೂಡಿಸಿ, ಸ್ಕ್ರ್ಯಾಪ್ ಮಾರಿ ಬರುವ ಹಣ ಕಳೆದು, ಮಶೀನಿನ ಗಂಟೆ, ಕೂಲಿಯ ಗಂಟೆ ಸೇರಿಸಿದರೆ ನೇರ ವೆಚ್ಚ ಸಿಗುತ್ತದೆ. ಆ ಒಂದು ನಗಕ್ಕೇ ತಗಲಿತು ಎಂದು ಬೆರಳಿಟ್ಟು ತೋರಿಸಬಹುದಾದ ಖರ್ಚು ಅದು. ಕಟ್ಟಡದ ಬಾಡಿಗೆ, ಮೇಲ್ವಿಚಾರಕರ ಸಂಬಳ, ಕಚೇರಿ, ಲೆಕ್ಕಪತ್ರ ಇವನ್ನು ಯಾವುದೋ ಒಂದು ನಗಕ್ಕೆ ಅಂಟಿಸಲಾಗದು. ಇವು ಓವರ್‌ಹೆಡ್, ಅಂದರೆ ಪರೋಕ್ಷ ವೆಚ್ಚ. ಇವನ್ನು ಶೇಕಡಾ ಲೆಕ್ಕದಲ್ಲಿ ಹಂಚುತ್ತಾರೆ. ಶೇಕಡಾ ಎಷ್ಟು ಎಂಬುದಕ್ಕಿಂತ ಯಾವುದರ ಮೇಲೆ ಎಂಬುದು ಮುಖ್ಯ. ಕೂಲಿಯ ಮೇಲೆ ಶೇ. 40 ಸಣ್ಣ ಮೊತ್ತ ಇರಬಹುದು. ದುಬಾರಿ ಸಾಮಗ್ರಿಯೂ ಸೇರಿದ ಒಟ್ಟು ವೆಚ್ಚದ ಮೇಲೆ ಶೇ. 15 ಅದಕ್ಕಿಂತ ಎಷ್ಟೋ ಪಾಲು ಹೆಚ್ಚಾಗಬಹುದು.

ಸ್ಥಿರ ವೆಚ್ಚ, ಚರ ವೆಚ್ಚ ಎಂಬುದು ಇನ್ನೊಂದು ವಿಂಗಡಣೆ. ಇದನ್ನು ನೇರ, ಪರೋಕ್ಷದ ಜೊತೆ ಗೊಂದಲ ಮಾಡಿಕೊಳ್ಳಬಾರದು. ನಗ ಹೆಚ್ಚಿದರೂ ಬದಲಾಗದ್ದು ಸ್ಥಿರ, ನಗದ ಜೊತೆ ಏರುವುದು ಚರ. ಸ್ಥಿರ ವೆಚ್ಚ 60,000, ನಗಕ್ಕೆ ಚರ ವೆಚ್ಚ 40 ಎಂದಿಟ್ಟುಕೊಳ್ಳಿ. 1,000 ನಗಕ್ಕೆ ತಲಾ 100, 2,000ಕ್ಕೆ 70, 3,000ಕ್ಕೆ 60. ಮೊದಲ ಸಾವಿರ ಹೆಚ್ಚಿದಾಗ 30 ಇಳಿಯಿತು, ಮುಂದಿನ ಸಾವಿರಕ್ಕೆ 10 ಮಾತ್ರ. ಎಷ್ಟು ತರಿಸಿದರೂ 40ರ ಕೆಳಗೆ ಹೋಗದು. ಹೋಗಲೇಬೇಕೆಂದು ಹಿಂಡಿದರೆ ಸಾಮಗ್ರಿಯ ಗುಣಮಟ್ಟಕ್ಕೆ ಕತ್ತರಿ ಬೀಳುತ್ತದೆ. ಪ್ರಮಾಣ ಹೆಚ್ಚಿಸಿ ರಿಯಾಯಿತಿ ಪಡೆದಾಗ ದಾಸ್ತಾನಿನ ವೆಚ್ಚ ನಿಮ್ಮ ಪಾಲಿಗೆ ಬರುತ್ತದೆಂಬುದೂ ನೆನಪಿರಲಿ. ಗೋದಾಮು, ವಿಮೆ, ಹಣದ ಬಡ್ಡಿ, ಹಳತಾಗಿ ಬೇಡವಾಗುವ ಮಾಲು, ಎಲ್ಲವೂ ಅದರಲ್ಲಿ ಸೇರಿವೆ.

ಮಾರ್ಕಪ್ ಮತ್ತು ಮಾರ್ಜಿನ್ ಎರಡೂ ಒಂದೇ ಎಂದುಕೊಂಡು ಸಹಿ ಹಾಕಿದ ಒಪ್ಪಂದಗಳು ಜಗಳಕ್ಕೆ ದಾರಿ. ಮಾರ್ಕಪ್ ವೆಚ್ಚದ ಮೇಲಿನ ಶೇಕಡಾ, ಮಾರ್ಜಿನ್ ಮಾರುವ ಬೆಲೆಯ ಮೇಲಿನ ಶೇಕಡಾ. ವೆಚ್ಚ 500 ಇದ್ದಾಗ ಶೇ. 20 ಮಾರ್ಕಪ್ ಅಂದರೆ ಬೆಲೆ 600. ಶೇ. 20 ಮಾರ್ಜಿನ್ ಅಂದರೆ 500ನ್ನು 0.8ರಿಂದ ಭಾಗಿಸಬೇಕು, ಬೆಲೆ 625. ‘ಲಾಭ ಶೇ. 20’ ಎಂದಷ್ಟೇ ಬರೆದ ವಾಕ್ಯವನ್ನು ಒಪ್ಪಬೇಡಿ. ಯಾವುದರ ಶೇ. 20 ಎಂದು ಬರೆಸಿ, ಪಕ್ಕದಲ್ಲಿ ಹೀಗೊಂದು ಅಂಕಿಯ ಉದಾಹರಣೆಯನ್ನೂ ಹಾಕಿಸಿ.

ಸಾಗಾಣಿಕೆಯ ಮೂರಕ್ಷರಗಳು

ಹೊರದೇಶದ ವ್ಯವಹಾರದಲ್ಲಿ ಬರುವ ಇಎಕ್ಸ್‌ಡಬ್ಲ್ಯೂ (ಮೇಲೆ ಕಂಡ ಎಕ್ಸ್ ವರ್ಕ್ಸ್), ಎಫ್‌ಒಬಿ, ಸಿಐಎಫ್, ಡಿಡಿಪಿ ಮುಂತಾದವು ಇನ್‌ಕೋಟರ್ಮ್ಸ್, ಅಂದರೆ ಮಾಲು ಒಪ್ಪಿಸುವ ಬಗೆಗಿನ ಅಂತರರಾಷ್ಟ್ರೀಯ ನಿಯಮಗಳು. ಇಂಟರ್‌ನ್ಯಾಷನಲ್ ಚೇಂಬರ್ ಆಫ್ ಕಾಮರ್ಸ್ ಇವನ್ನು ಮೊದಲು 1936ರಲ್ಲಿ ಪ್ರಕಟಿಸಿತು. ಇನ್‌ಕೋಟರ್ಮ್ಸ್ 2020 ಆವೃತ್ತಿಯಲ್ಲಿ 11 ನಿಯಮಗಳಿವೆ. ಏಳು ಯಾವುದೇ ಸಾಗಾಣಿಕೆಗೆ ಹೊಂದುತ್ತವೆ, ನಾಲ್ಕು ಜಲಮಾರ್ಗಕ್ಕೆ ಮಾತ್ರ. ಪ್ರತಿ ನಿಯಮವೂ ಎರಡು ಗೆರೆ ಎಳೆಯುತ್ತದೆ: ಖರ್ಚು ಎಲ್ಲಿಯವರೆಗೆ ಮಾರುವವನದು, ಮಾಲು ಹಾಳಾಗುವ ಅಪಾಯ ಎಲ್ಲಿಯವರೆಗೆ ಅವನದು. ಈ ಎರಡು ಗೆರೆ ಒಂದೇ ಜಾಗದಲ್ಲಿ ಇರಲೇಬೇಕೆಂದಿಲ್ಲ. ತಪ್ಪು ಆಗುವುದು ಅಲ್ಲಿಯೇ.

ಸಿಐಎಫ್ ತೆಗೆದುಕೊಳ್ಳಿ. ನಿಮ್ಮ ಬಂದರಿನವರೆಗೆ ಹಡಗಿನ ಬಾಡಿಗೆ, ವಿಮೆ ಎರಡನ್ನೂ ಮಾರುವವನೇ ಕಟ್ಟುತ್ತಾನೆ. ಹಾಗಾಗಿ ಮಾಲು ನಿಮ್ಮ ಬಂದರಿಗೆ ಬರುವವರೆಗೆ ಹೊಣೆ ಅವನದೇ ಎಂದು ಅನಿಸುತ್ತದೆ. ಆದರೆ ಹೊರಡುವ ಬಂದರಿನಲ್ಲಿ ಮಾಲು ಹಡಗಿಗೇರಿದ ಕ್ಷಣಕ್ಕೇ ಅಪಾಯ ನಿಮ್ಮದಾಯಿತು. ದಾರಿಯಲ್ಲಿ ನೀರು ನುಗ್ಗಿ ಹಾಳಾದರೆ ಕ್ಲೇಮ್ ಹಿಡಿದು ಓಡಾಡಬೇಕಾದವರು ನೀವು. ಅವನು ಮಾಡಿಸಬೇಕಾದ ವಿಮೆಯೂ ಒಪ್ಪಂದದ ಬೆಲೆಯ ಶೇ. 110ಕ್ಕೆ, ಬೇರೆ ಮಾತಾಗಿರದಿದ್ದರೆ ಅತಿ ಕಡಿಮೆ ರಕ್ಷಣೆಯ ‘ಸಿ’ ವಿಮಾ ಷರತ್ತಿನದು (ಇನ್‌ಸ್ಟಿಟ್ಯೂಟ್ ಕಾರ್ಗೋ ಕ್ಲಾಸಸ್ ಸಿ). ಅದರಲ್ಲಿ ಕಳವಿಗೆ ರಕ್ಷಣೆ ಇಲ್ಲ. ಸಿಐಪಿ (ಬಾಡಿಗೆ, ವಿಮೆ ಮಾರುವವನೇ ಕಟ್ಟುವ, ಯಾವುದೇ ಸಾಗಾಣಿಕೆಗೆ ಹೊಂದುವ ನಿಯಮ) ಆದರೆ 2020ರ ಆವೃತ್ತಿಯಂತೆ ವಿಸ್ತಾರವಾದ ‘ಎ’ ಷರತ್ತಿನ ವಿಮೆ ಕೊಡಬೇಕು.

ಕಂಟೇನರ್ ಮಾಲಿಗೆ ಎಫ್‌ಒಬಿ, ಅಂದರೆ ಹಡಗಿಗೇರುವವರೆಗೆ ಖರ್ಚು, ಅಪಾಯ ಮಾರುವವನದು ಎಂಬ ನಿಯಮ, ಹಾಕುವುದು ಇನ್ನೊಂದು ಬೇರೂರಿದ ಅಭ್ಯಾಸ. ಕಂಟೇನರನ್ನು ಮಾರುವವನು ಟರ್ಮಿನಲ್ಲಿಗೆ ಒಪ್ಪಿಸುತ್ತಾನೆ, ಹಡಗಿಗೆ ಏರುವುದು ದಿನಗಳ ನಂತರ. ಆ ನಡುವಿನ ಹಾನಿ ಯಾರದೆಂಬ ತಕರಾರಿಗೆ ಎಫ್‌ಒಬಿ ಎಡೆ ಮಾಡಿಕೊಡುತ್ತದೆ. ಇಲ್ಲಿ ಎಫ್‌ಸಿಎ ಸರಿಯಾದದ್ದು, ಅದರಲ್ಲಿ ಸಾಗಣೆದಾರನಿಗೆ ಮಾಲು ಒಪ್ಪಿಸಿದಲ್ಲಿಗೇ ಅಪಾಯ ಕೈ ಬದಲಾಗುತ್ತದೆ. ಇಎಕ್ಸ್‌ಡಬ್ಲ್ಯೂನಲ್ಲಿ ಲಾರಿಗೆ ಏರಿಸುವುದು, ರಫ್ತಿನ ಕಾಗದಪತ್ರ ಎರಡೂ ಖರೀದಿದಾರನ ತಲೆಗೆ. ಡಿಡಿಪಿಯಲ್ಲಿ ಆಮದು ಸುಂಕವೂ ಮಾರುವವನದು, ಆದರೆ ಇಳಿಸುವ ಕೆಲಸ ನಿಮ್ಮದು. 11ರಲ್ಲಿ ಇಳಿಸುವ ಹೊಣೆಯನ್ನು ಮಾರುವವನಿಗೆ ಕೊಡುವುದು ಡಿಪಿಯು ಒಂದೇ. ಬರೆಯುವಾಗ ಮೂರಕ್ಷರ, ಜಾಗದ ನಿಖರ ಹೆಸರು, ಆವೃತ್ತಿಯ ವರ್ಷ ಮೂರೂ ಇರಲಿ. ಮಾಲಿನ ಒಡೆತನ ಯಾವಾಗ ಕೈ ಬದಲಾಗುತ್ತದೆ, ಹಣ ಯಾವಾಗ ಕೊಡಬೇಕು ಎಂಬುದನ್ನು ಈ ನಿಯಮಗಳು ಹೇಳುವುದಿಲ್ಲ. ಅವನ್ನು ಬೇರೆಯಾಗಿ ಬರೆಯಬೇಕು.

ಸಾಗಾಣಿಕೆ ಬಿಲ್ಲಿನಲ್ಲಿ ಬೆಚ್ಚಿಬೀಳಿಸುವ ಸಾಲು ವಾಲ್ಯೂಮೆಟ್ರಿಕ್ ತೂಕ, ಅಂದರೆ ಪೆಟ್ಟಿಗೆಯ ಗಾತ್ರದಿಂದ ಲೆಕ್ಕ ಹಾಕಿದ ತೂಕ. ವಿಮಾನದಲ್ಲಿ ಸಾಮಾನ್ಯವಾಗಿ ಪೆಟ್ಟಿಗೆಯ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 6,000ದಿಂದ ಭಾಗಿಸುತ್ತಾರೆ. ಬಂದ ಅಂಕಿ ನಿಜ ತೂಕಕ್ಕಿಂತ ಹೆಚ್ಚಿದ್ದರೆ ಅದಕ್ಕೇ ಬಿಲ್. 60, 50, 40 ಸೆಂಟಿಮೀಟರಿನ ಪೆಟ್ಟಿಗೆ ತೂಗುವುದು 11 ಕಿಲೋ ಆದರೂ ಬಿಲ್ ಆಗುವುದು 20 ಕಿಲೋಗೆ. ಕೊರಿಯರ್‌ಗಳಲ್ಲಿ ಭಾಜಕ ಹೆಚ್ಚಾಗಿ 5,000, ಆಗ 24 ಕಿಲೋ. ಪೆಟ್ಟಿಗೆಯ ಎತ್ತರ 10 ಸೆಂಟಿಮೀಟರ್ ತಗ್ಗಿಸಿದರೆ ವಿಮಾನದ ಲೆಕ್ಕದಲ್ಲಿ 5 ಕಿಲೋ ಉಳಿಯಿತು. ದರಕ್ಕಾಗಿ ಗಂಟೆಗಟ್ಟಲೆ ಚೌಕಾಸಿ ಮಾಡುವ ಮುನ್ನ ಪ್ಯಾಕಿಂಗ್ ನೋಡಿ.

ಗುತ್ತಿಗೆಯ ಬಗೆ ಎಂದರೆ ಹೊಣೆ ಹಂಚುವ ಬಗೆ

ಲಂಪ್‌ಸಮ್ ಗುತ್ತಿಗೆಯಲ್ಲಿ ಇಡೀ ಕೆಲಸಕ್ಕೆ ಒಂದು ಮೊತ್ತ. ಪ್ರಮಾಣ ಹೆಚ್ಚಾದರೆ ನಷ್ಟ ಗುತ್ತಿಗೆದಾರನಿಗೆ. ನಕ್ಷೆ ಪೂರ್ತಿ ಸಿದ್ಧವಿದ್ದಾಗ ಮಾತ್ರ ಇದು ಚೆನ್ನ. ಅರ್ಧ ನಕ್ಷೆಗೆ ಲಂಪ್‌ಸಮ್ ಕೇಳಿದರೆ ಅವನು ಭಯದ ಬೆಲೆಯನ್ನೂ ಸೇರಿಸುತ್ತಾನೆ, ಬಿಟ್ಟುಹೋದ ಪ್ರತಿ ಐಟಂಗೂ ‘ಎಕ್ಸ್‌ಟ್ರಾ’ ಎನ್ನುತ್ತಾನೆ.

ಐಟಂ ರೇಟ್ ಗುತ್ತಿಗೆಯಲ್ಲಿ ಬಿಒಕ್ಯೂ (ಬಿಲ್ ಆಫ್ ಕ್ವಾಂಟಿಟೀಸ್, ಕೆಲಸಗಳ ಪ್ರಮಾಣದ ಪಟ್ಟಿ) ಪ್ರತಿ ಐಟಂಗೂ ದರ, ಬಿಲ್ ಮಾತ್ರ ನಿಜವಾಗಿ ಆದ ಅಳತೆಗೆ. ಇಲ್ಲಿ ಪ್ರಮಾಣದ ಹೊಣೆ ನಿಮ್ಮದು. ಈ ಒಂದು ಸಂಗತಿಯನ್ನು ಹತ್ತಿರದಿಂದ ನೋಡೋಣ. ಅಗೆತದ ಕೆಲಸ, ಪಟ್ಟಿಯಲ್ಲಿ ಮಣ್ಣು 1,000 ಘನ ಮೀಟರ್, ಗಟ್ಟಿ ಬಂಡೆ 50 ಘನ ಮೀಟರ್. ಮೊದಲನೆಯವನು ಮಣ್ಣಿಗೆ 10, ಬಂಡೆಗೆ 200 ಬರೆದ. ಒಟ್ಟು 20,000. ಎರಡನೆಯವನು ಮಣ್ಣಿಗೆ 14, ಬಂಡೆಗೆ 140. ಒಟ್ಟು 21,000. ಕಡಿಮೆ ಮೊತ್ತದವರಿಗೆ ಎಂಬ ನಿಯಮದಂತೆ ಕೆಲಸ ಮೊದಲನೆಯವನಿಗೆ. ಅಗೆದಾಗ ಸಿಕ್ಕಿದ್ದು ಮಣ್ಣು 650, ಬಂಡೆ 400. ಮೊದಲನೆಯವನ ಬಿಲ್ 86,500. ಎರಡನೆಯವನಿಗೆ ಕೊಟ್ಟಿದ್ದರೆ 65,100.

ಇಂಥ ಟೆಂಡರಿಗೆ ಅನ್‌ಬ್ಯಾಲೆನ್ಸ್‌ಡ್ ಬಿಡ್ ಎನ್ನುತ್ತಾರೆ. ಯಾವ ಐಟಂ ಹಿಗ್ಗುತ್ತದೆಂದು ಅನುಭವಸ್ಥ ಗುತ್ತಿಗೆದಾರ ಊಹಿಸಿ ಅಲ್ಲಿ ದರ ಏರಿಸುತ್ತಾನೆ, ಕುಗ್ಗುವಲ್ಲಿ ಇಳಿಸುತ್ತಾನೆ. ಮೊದಲು ಮುಗಿಯುವ ಐಟಂಗಳಿಗೆ ಹೆಚ್ಚು ದರ ಹಾಕಿ ಹಣ ಬೇಗ ಎತ್ತಿಕೊಳ್ಳುವುದು ಇದರದೇ ಇನ್ನೊಂದು ರೂಪ. ತಡೆಯಲು ಎರಡು ಕೆಲಸ ಮಾಡಿ. ಟೆಂಡರ್ ಕರೆಯುವ ಮೊದಲು ನೆಲ ಪರೀಕ್ಷೆ ಮಾಡಿಸಿ ಪ್ರಮಾಣ ಸರಿಪಡಿಸಿ. ಬಂದ ದರಗಳನ್ನು ನಿಮ್ಮ ರೇಟ್ ಅನಾಲಿಸಿಸ್ (ಪ್ರತಿ ಐಟಂಗೆ ನೀವೇ ಕಟ್ಟಿದ ದರದ ಲೆಕ್ಕ) ಜೊತೆ ಐಟಂವಾರು ಹೋಲಿಸಿ, ಅನುಮಾನದ ಐಟಂಗಳ ಪ್ರಮಾಣವನ್ನು ಎರಡು, ನಾಲ್ಕು, ಎಂಟು ಪಟ್ಟು ಮಾಡಿ ಒಟ್ಟು ಮೊತ್ತದ ಕ್ರಮ ತಲೆಕೆಳಗಾಗುತ್ತದೆಯೇ ನೋಡಿ. ಪ್ರಮಾಣ ಇಂತಿಷ್ಟು ಶೇಕಡಾ ಮೀರಿದರೆ ಆ ಐಟಂನ ದರವನ್ನು ಮರುಪರಿಶೀಲಿಸಲಾಗುವುದು ಎಂಬ ಷರತ್ತೂ ಇರಲಿ.

ಕಾಸ್ಟ್ ಪ್ಲಸ್ ಗುತ್ತಿಗೆಯಲ್ಲಿ ಆದ ವೆಚ್ಚಕ್ಕೆ ಶುಲ್ಕ ಸೇರಿಸಿ ಕೊಡುತ್ತೀರಿ. ಶುಲ್ಕ ನಿಗದಿತ ಮೊತ್ತವೇ, ವೆಚ್ಚದ ಶೇಕಡಾವಾರೇ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಶೇಕಡಾವಾರು ಕೊಟ್ಟರೆ ವೆಚ್ಚ ಏರಿದಷ್ಟೂ ಗುತ್ತಿಗೆದಾರನಿಗೆ ಲಾಭ. ಅಮೆರಿಕದ ಫೆಡರಲ್ ಸರ್ಕಾರದ ಖರೀದಿಯಲ್ಲಿ ಈ ಬಗೆಯನ್ನು ಕಾನೂನೇ ನಿಷೇಧಿಸಿದೆ. ನಿಗದಿತ ಶುಲ್ಕವಿದ್ದರೆ ವೆಚ್ಚ ಏರಿಸುವ ಆಸೆಗೆ ಕಾರಣವಿಲ್ಲ, ಇಳಿಸುವ ಉತ್ಸಾಹಕ್ಕೂ ಕಾರಣವಿಲ್ಲ. ಆದ್ದರಿಂದ ಯಾವುದು ಒಪ್ಪತಕ್ಕ ವೆಚ್ಚ, ಯಾವುದು ಅಲ್ಲ ಎಂಬ ಪಟ್ಟಿ ಮತ್ತು ಮೂಲ ಬಿಲ್‌ಗಳನ್ನು ತಪಾಸಣೆ ಮಾಡುವ ಹಕ್ಕು ಎರಡೂ ಒಪ್ಪಂದದಲ್ಲಿ ಇರಲೇಬೇಕು.

ಲಂಪ್‌ಸಮ್ ಮತ್ತು ಕಾಸ್ಟ್ ಪ್ಲಸ್ ನಡುವಿನದು ಟಾರ್ಗೆಟ್ ಕಾಸ್ಟ್. ಗುರಿ ವೆಚ್ಚ 1,000, ಶುಲ್ಕ 80, ಏರಿಳಿತದಲ್ಲಿ ನಿಮ್ಮ ಪಾಲು ಶೇ. 60, ಗುತ್ತಿಗೆದಾರನದು ಶೇ. 40, ಗರಿಷ್ಠ ಬೆಲೆ 1,170 ಎಂದಿರಲಿ. ಕೆಲಸ 900ಕ್ಕೆ ಮುಗಿದರೆ ಉಳಿದ 100ರಲ್ಲಿ 40 ಅವನ ಶುಲ್ಕಕ್ಕೆ ಸೇರುತ್ತದೆ, ನೀವು ಕೊಡುವುದು 1,020. ವೆಚ್ಚ 1,150 ಆದರೆ ಅವನ ಪಾಲಿನ 60 ಶುಲ್ಕದಿಂದ ಕಡಿತವಾಗಿ 20 ಉಳಿಯುತ್ತದೆ, ನೀವು ಕೊಡುವುದು ಸರಿಯಾಗಿ 1,170. ಅಲ್ಲಿಂದಾಚೆ ಏರುವ ಪ್ರತಿ ಪೈಸೆಯೂ ಅವನದೇ. ಆ ತಿರುವು ಎಲ್ಲಿ ಬರುತ್ತದೆಂದು ಮೊದಲೇ ಲೆಕ್ಕ ಹಾಕಿ. ಗರಿಷ್ಠ ಬೆಲೆಯಿಂದ ಗುರಿ ಬೆಲೆ 1,080 (ಗುರಿ ವೆಚ್ಚ ಮತ್ತು ಶುಲ್ಕ ಸೇರಿ) ಕಳೆದು, ನಿಮ್ಮ ಪಾಲು 0.60ರಿಂದ ಭಾಗಿಸಿ, ಗುರಿ ವೆಚ್ಚಕ್ಕೆ ಕೂಡಿಸಿದರೆ 1,150 ಸಿಗುತ್ತದೆ. ವೆಚ್ಚ ಅದನ್ನು ಸಮೀಪಿಸಿದಾಗ ಗುತ್ತಿಗೆದಾರನ ನಡೆ ಬದಲಾಗುತ್ತದೆ. ಸಣ್ಣ ಬದಲಾವಣೆಗೂ ಹೆಚ್ಚುವರಿ ಕೇಳುವುದು ಶುರುವಾಗುತ್ತದೆ. ಮೇಲ್ವಿಚಾರಣೆ ಬಿಗಿ ಮಾಡಬೇಕಾದ ಹೊತ್ತು ಅದು.

ಬಿಒಕ್ಯೂ ಒಳಗೆ ಕೂತಿರುವ ಇನ್ನೆರಡು ಮೊತ್ತಗಳು ಕಂಟಿಂಜೆನ್ಸಿ ಮತ್ತು ಪ್ರಾವಿಷನಲ್ ಸಮ್. ಕಂಟಿಂಜೆನ್ಸಿ ಅನಿರೀಕ್ಷಿತಕ್ಕೆ ತೆಗೆದಿಟ್ಟ ಹಣ. ಪ್ರಾವಿಷನಲ್ ಸಮ್ ಮಾಡಲಿದ್ದೇವೆ ಎಂದು ಗೊತ್ತಿದ್ದೂ ವಿವರ ಇನ್ನೂ ನಿಶ್ಚಯವಾಗದ ಕೆಲಸಕ್ಕೆ ಇಟ್ಟ ಮೊತ್ತ. ಎರಡೂ ನಿಮ್ಮ ಲಿಖಿತ ಆದೇಶವಿಲ್ಲದೆ ಖರ್ಚಾಗಬಾರದು, ಖರ್ಚಾಗದೆ ಉಳಿದದ್ದು ಅಂತಿಮ ಬಿಲ್ಲಿನಲ್ಲಿ ಕಡಿತವಾಗಬೇಕು. ಈ ವಾಕ್ಯ ಇಲ್ಲದಿದ್ದರೆ ಗುತ್ತಿಗೆದಾರ ಅದನ್ನು ತನಗೆ ಬರಬೇಕಾದ ಹಣವೆಂದೇ ಎಣಿಸುತ್ತಾನೆ.

ದರ ಹೊಂದಾಣಿಕೆಯ ಸೂತ್ರ

ಕೆಲಸ ವರ್ಷಗಟ್ಟಲೆ ನಡೆಯುವುದಾದರೆ ಸ್ಥಿರ ಬೆಲೆಗೆ ಅಂಟಿಕೊಳ್ಳುವುದು ಲಾಭವಲ್ಲ. ಬೆಲೆ ಏರಿಕೆಯ ಭಯವನ್ನು ಮೊದಲ ದಿನವೇ ದರದಲ್ಲಿ ತುಂಬಿರುತ್ತಾರೆ. ಅದರ ಬದಲು ಎಸ್ಕಲೇಶನ್ (ದರ ಹೊಂದಾಣಿಕೆ) ಷರತ್ತು ಹಾಕಿ, ಪ್ರಕಟವಾಗುವ ಬೆಲೆ ಸೂಚ್ಯಂಕಕ್ಕೆ ದರವನ್ನು ಕಟ್ಟಿ. ಬದಲಾಗದ ಭಾಗ 0.20, ಕೂಲಿ 0.30, ಉಕ್ಕು 0.35, ಇಂಧನ 0.15 ಎಂದಿರಲಿ, ಒಟ್ಟು 1 ಆಗಬೇಕು. ಮೂಲ ತಿಂಗಳಿಗೆ ಹೋಲಿಸಿದರೆ ಕೂಲಿ ಸೂಚ್ಯಂಕ ಶೇ. 4 ಏರಿದೆ, ಉಕ್ಕು ಶೇ. 15 ಏರಿದೆ, ಇಂಧನ ಶೇ. 10 ಇಳಿದಿದೆ. 0.20ಕ್ಕೆ 0.312, 0.4025, 0.135 ಕೂಡಿಸಿದರೆ 1.0495. ಬಿಲ್ ಏರುವುದು ಶೇ. 4.95. ‘ಉಕ್ಕು ಶೇ. 15 ಏರಿದೆ, ಅಷ್ಟೇ ಕೊಡಿ’ ಎಂಬ ಬೇಡಿಕೆಗೆ ಈ ಲೆಕ್ಕವೇ ಉತ್ತರ.

ಮೂಲ ತಿಂಗಳು ಯಾವುದು, ಯಾರು ಪ್ರಕಟಿಸುವ ಸೂಚ್ಯಂಕ, ಅದು ನಿಂತುಹೋದರೆ ಬದಲಿ ಯಾವುದು, ಗುತ್ತಿಗೆದಾರನ ತಪ್ಪಿನಿಂದ ತಡವಾದ ಅವಧಿಗೆ ಏರಿಕೆ ಸಿಗುತ್ತದೆಯೇ ಎಂಬುದನ್ನು ಬರೆಯಲು ಮರೆಯಬೇಡಿ. ಇಳಿಕೆಯಾದಾಗ ದರ ಇಳಿಯಬೇಕೆಂಬುದನ್ನೂ ಸ್ಪಷ್ಟ ಅಕ್ಷರದಲ್ಲಿ ಬರೆಯಿರಿ. ಏರಲು ಮಾತ್ರ ಬಾಗಿಲು ತೆರೆದಿರುವ ಷರತ್ತು ನ್ಯಾಯವಲ್ಲ.

ಹಣ ಕೊಡುವ ಕಾಲಕ್ಕೂ ಬೆಲೆಯಿದೆ

‘30 ದಿನದಲ್ಲಿ ಪೂರ್ತಿ ಹಣ, 10 ದಿನದೊಳಗೆ ಕೊಟ್ಟರೆ ಶೇ. 2 ರಿಯಾಯಿತಿ’ ಎಂಬ ಷರತ್ತನ್ನು ಸಣ್ಣ ಮೊತ್ತವೆಂದು ಬಿಟ್ಟುಬಿಡುವವರೇ ಹೆಚ್ಚು. ಲೆಕ್ಕ ಹಾಕಿ ನೋಡಿ. 98 ಕೊಡುವ ಬದಲು 20 ದಿನ ತಡೆದು 100 ಕೊಡುತ್ತೀರಿ. 98ಕ್ಕೆ 20 ದಿನಕ್ಕೆ 2 ಬಡ್ಡಿ ಅಂದರೆ ವರ್ಷಕ್ಕೆ ಸುಮಾರು ಶೇ. 37. ನಿಮ್ಮ ಬ್ಯಾಂಕ್ ಸಾಲದ ಬಡ್ಡಿ ಇದಕ್ಕಿಂತ ಕಡಿಮೆ ಇದ್ದರೆ ಸಾಲ ತೆಗೆದಾದರೂ ಹತ್ತನೇ ದಿನ ಹಣ ಕಟ್ಟುವುದು ಲಾಭ.

ಇದೇ ಮಾತು ತಿರುಗಿ ನಿಮಗೂ ಅನ್ವಯಿಸುತ್ತದೆ. 90 ದಿನ ಸಾಲ ಕೇಳುವುದು, ಬಿಲ್ಲಿನಲ್ಲಿ ಶೇ. 10 ಹಣವನ್ನು ರಿಟೆನ್ಷನ್ ಎಂದು ಭದ್ರತೆಗಾಗಿ ತಡೆಹಿಡಿಯುವುದು, ಮೇಲೆ ಬ್ಯಾಂಕ್ ಗ್ಯಾರಂಟಿ ಬೇರೆ ಕೇಳುವುದು, ಇವೆಲ್ಲ ಪುಕ್ಕಟೆ ಎಂದು ಭಾವಿಸಬೇಡಿ. ಬಡ್ಡಿ, ಬ್ಯಾಂಕಿನ ಕಮಿಷನ್ ಎರಡನ್ನೂ ಗುತ್ತಿಗೆದಾರ ದರದೊಳಗೆ ಸೇರಿಸಿಯೇ ಟೆಂಡರ್ ಹಾಕುತ್ತಾನೆ. ಸಣ್ಣ ಗುತ್ತಿಗೆದಾರರಂತೂ ಟೆಂಡರಿಗೇ ಬರುವುದಿಲ್ಲ, ಸ್ಪರ್ಧೆ ಕುಗ್ಗುತ್ತದೆ. ನಿಜವಾಗಿ ಬೇಕಾದಷ್ಟು ಭದ್ರತೆ ಕೇಳಿ, ಬಿಲ್ಲನ್ನು ಹೇಳಿದ ದಿನಕ್ಕೆ ಪಾವತಿಸಿ. ಸಮಯಕ್ಕೆ ಹಣ ಕೊಡುವವರಿಗೆ ಮುಂದಿನ ಟೆಂಡರಿನಲ್ಲಿ ಒಳ್ಳೆಯ ದರ ಬರುತ್ತದೆ.

ಕೊಂಡ ಮೇಲಿನ ವೆಚ್ಚ

ಓಡುವ, ಉರಿಯುವ, ಸವೆಯುವ ವಸ್ತುಗಳಿಗೆ ಲ್ಯಾಂಡೆಡ್ ಕಾಸ್ಟ್ ಸಾಲದು, ಟೋಟಲ್ ಕಾಸ್ಟ್ ಆಫ್ ಓನರ್‌ಶಿಪ್ ಬೇಕು. ಕೊಳ್ಳುವ ಬೆಲೆಗೆ ಅಳವಡಿಕೆ, ತರಬೇತಿ, ವಿದ್ಯುತ್ತು, ಬಿಡಿಭಾಗ, ನಿರ್ವಹಣೆ, ನಿಂತುಹೋದಾಗಿನ ನಷ್ಟ, ಕೊನೆಗೆ ವಿಲೇವಾರಿ ಖರ್ಚು ಕೂಡಿಸಿ, ಮರುಮಾರಾಟದ ಮೊತ್ತ ಕಳೆಯಬೇಕು. ಶಾಫ್ಟಿನಲ್ಲಿ 7.5 ಕಿಲೋವ್ಯಾಟ್ ಕೊಡುವ ಎರಡು ಮೋಟಾರುಗಳಿವೆ ಎನ್ನಿ, ಒಂದರ ದಕ್ಷತೆ ಶೇ. 88, ಇನ್ನೊಂದರದು ಶೇ. 92. ಎಳೆಯುವ ವಿದ್ಯುತ್ತು ಕ್ರಮವಾಗಿ 8.52 ಮತ್ತು 8.15 ಕಿಲೋವ್ಯಾಟ್. ಪೂರ್ಣ ಹೊರೆಯಲ್ಲಿ ವರ್ಷಕ್ಕೆ 4,000 ಗಂಟೆ ಓಡಿದರೆ ಸುಮಾರು 1,480 ಯೂನಿಟ್ ವ್ಯತ್ಯಾಸ. ಅದನ್ನು ನಿಮ್ಮ ಯೂನಿಟ್ ದರದಿಂದ ಗುಣಿಸಿದರೆ ದುಬಾರಿ ಮೋಟಾರಿನ ಹೆಚ್ಚುವರಿ ಬೆಲೆ ಎಷ್ಟು ವರ್ಷಕ್ಕೆ ಮರಳುತ್ತದೆಂದು ಗೊತ್ತಾಗುತ್ತದೆ. ಅದೇ ಮೋಟಾರು ವರ್ಷಕ್ಕೆ 200 ಗಂಟೆ ಮಾತ್ರ ಓಡುವುದಾದರೆ ವ್ಯತ್ಯಾಸ 74 ಯೂನಿಟ್, ಅಗ್ಗದ್ದೇ ಸಾಕು. ದೂರದ ವರ್ಷಗಳ ಖರ್ಚನ್ನು ಇಂದಿನ ಮೌಲ್ಯಕ್ಕೆ ಇಳಿಸಿ ಹೋಲಿಸಿ. ಶೇ. 10ರ ದರದಲ್ಲಿ ಐದು ವರ್ಷದ ನಂತರದ 100 ಇಂದಿಗೆ 62 ಮಾತ್ರ.

ಪೂರೈಕೆದಾರರನ್ನು ಬದಲಿಸುವ ಪ್ರಶ್ನೆ ಬಂದಾಗ ಮುಳುಗಿದ ವೆಚ್ಚವನ್ನು ಪಕ್ಕಕ್ಕಿಡಿ. ಆಗಲೇ ಖರ್ಚಾಗಿ ಮರಳಿ ಬಾರದ ಹಣ ಅದು. ಇಲ್ಲಿಂದ ಮುಂದೆ ಯಾವ ದಾರಿಗೆ ಎಷ್ಟು ಎಂಬುದನ್ನಷ್ಟೇ ಲೆಕ್ಕ ಹಾಕಿ. ಬದಲಾವಣೆಯ ವೆಚ್ಚವನ್ನು, ಅಂದರೆ ಹೊಸ ಮಾದರಿಯ ತಪಾಸಣೆ, ಮತ್ತೆ ಡೈ, ಎರಡು ಕಡೆಯ ದಾಸ್ತಾನು ಇವನ್ನು, ಪ್ರಾಮಾಣಿಕವಾಗಿ ಸೇರಿಸಿ.

ಉಳಿತಾಯ ವರದಿ ಬರೆಯುವಾಗ

ಕಾಸ್ಟ್ ಸೇವಿಂಗ್ ಬೇರೆ, ಕಾಸ್ಟ್ ಅವಾಯ್ಡೆನ್ಸ್ ಬೇರೆ. ಕಳೆದ ವರ್ಷ 100ಕ್ಕೆ ಕೊಂಡದ್ದನ್ನು ಈ ವರ್ಷ 95ಕ್ಕೆ ಕೊಂಡರೆ 5 ಉಳಿತಾಯ, ಬಜೆಟಿನಲ್ಲಿ ಕಾಣುತ್ತದೆ. ಪೂರೈಕೆದಾರ 108 ಕೇಳಿದ್ದನ್ನು ಚೌಕಾಸಿ ಮಾಡಿ 103ಕ್ಕೆ ತಂದರೆ 5 ತಪ್ಪಿಸಿದ ವೆಚ್ಚ. ಅದು ಒಳ್ಳೆಯ ಕೆಲಸವೇ, ಆದರೆ ಕಳೆದ ವರ್ಷದ 100ಕ್ಕೆ ಹೋಲಿಸಿದರೆ ಬಜೆಟ್ 3 ಏರಿದೆ. ಎರಡನ್ನೂ ಒಂದೇ ಕಾಲಮಿನಲ್ಲಿ ಕೂಡಿಸಿದ ವರದಿಯನ್ನು ಲೆಕ್ಕಪತ್ರ ವಿಭಾಗ ಒಮ್ಮೆ ಹಿಡಿದರೆ ಮುಂದಿನ ವರದಿಗಳನ್ನೂ ನಂಬುವುದಿಲ್ಲ. ಎರಡು ಕಾಲಮ್ ಹಾಕಿ, ಪ್ರತಿ ಸಾಲಿನ ಮುಂದೆ ಮೂಲ ಬೆಲೆ ಯಾವುದೆಂದು ಬರೆಯಿರಿ. ಒಪ್ಪಂದದ ದರ ಎಷ್ಟೇ ಚೆನ್ನಾಗಿದ್ದರೂ ಬಂದ ಇನ್‌ವಾಯ್ಸಿನಲ್ಲಿ ಅದೇ ದರ ಇದೆಯೇ ಎಂದು ಆರ್ಡರ್, ಮಾಲು ಸ್ವೀಕೃತಿ ಚೀಟಿ, ಇನ್‌ವಾಯ್ಸ್ ಮೂರನ್ನೂ ಪಕ್ಕಪಕ್ಕ ಇಟ್ಟು ತಾಳೆ ನೋಡಿದ ಮೇಲೆಯೇ ಆ ಅಂಕಿಯನ್ನು ವರದಿಗೆ ಸೇರಿಸಿ.